ಊರೆಲ್ಲ ತುಂಬಿದ ಪಾತ್ರಗಳು: ಅನಿಮೇಷನ್ ಹಾಸ್ಯ ಧಾರಾವಾಹಿಗಳ ಪೋಷಕ ಪಾತ್ರಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಅನಿಮೇಷನ್ ಹಾಸ್ಯ ಧಾರಾವಾಹಿಗಳನ್ನು ನಾನು ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ನೋಡುತ್ತ ಬಂದಿದ್ದೇನೆ. ಮನೆಯವರೂ ಗೆಳೆಯರೂ ಈ ಬಗ್ಗೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವವೇ ಆಗಿರುವುದರಿಂದ ಉತ್ತರಗಳನ್ನು ಒಂದೆಡೆ ಬರೆದಿಟ್ಟಿದ್ದೇನೆ. ಮುಖ್ಯ ಪಾತ್ರಗಳ ಕುರಿತು ಸಾಕಷ್ಟು ಬರವಣಿಗೆ ಇದೆ. ನನಗೆ ಪ್ರೀತಿಯಿರುವುದು ಅವರ ನೆರೆಹೊರೆಯವರ ಮೇಲೆ.

ಕಾರ್ಟೂನ್ ಎಂದರೆ ಮಕ್ಕಳಿಗಲ್ಲವೇ? ದೊಡ್ಡವರು ಇವನ್ನು ನೋಡುವುದೇಕೆ?

ಈ ಧಾರಾವಾಹಿಗಳನ್ನು ಮೊದಲಿನಿಂದಲೂ ಮನೆಮಂದಿಯೆಲ್ಲ ಕೂತು ನೋಡುವ ರಾತ್ರಿಯ ಹೊತ್ತಿಗೆಂದೇ ತಯಾರಿಸಲಾಗಿದೆ. 1960ರ ಸೆಪ್ಟೆಂಬರ್ 30ರಂದು ಎಬಿಸಿ ವಾಹಿನಿಯಲ್ಲಿ ಆರಂಭವಾದ ‘ದ ಫ್ಲಿಂಟ್‌ಸ್ಟೋನ್ಸ್’ ಶಿಲಾಯುಗದ ವೇಷ ತೊಟ್ಟ ಸಂಸಾರದ ಕಥೆಯಾಗಿತ್ತು. ‘ದ ಸಿಂಪ್ಸನ್ಸ್’ 1987ರಲ್ಲಿ ಇನ್ನೊಂದು ಕಾರ್ಯಕ್ರಮದ ನಡುವೆ ಬರುವ ಪುಟ್ಟ ತುಣುಕುಗಳಾಗಿ ಹುಟ್ಟಿ, 1989ರ ಡಿಸೆಂಬರ್ 17ರಂದು ಅರ್ಧ ಗಂಟೆಯ ಸ್ವತಂತ್ರ ಧಾರಾವಾಹಿಯಾಯಿತು. ಸಾಲ, ನೌಕರಿ, ವಿಚ್ಛೇದನ, ವೃದ್ಧಾಪ್ಯ, ದೇವರ ಮೇಲಿನ ಸಂಶಯ ಇವುಗಳ ಬಗ್ಗೆ ಇಷ್ಟು ನೇರವಾಗಿ ಮಾತಾಡುವ ಕಥೆಗಳನ್ನು ಮಕ್ಕಳೂ ನೋಡಬಹುದು, ಆದರೆ ಅವುಗಳ ಪೂರ್ತಿ ಅರ್ಥವಾಗುವುದು ಮನೆ ಬಾಡಿಗೆ ಕಟ್ಟಿದವರಿಗೆ.

ಪೋಷಕ ಪಾತ್ರ ಎಂದು ನೀವು ಕರೆಯುವುದು ಯಾರನ್ನು?

ನಮ್ಮ ಚಿತ್ರರಂಗದವರು ‘ಪೋಷಕ ನಟ’, ‘ಪೋಷಕ ನಟಿ’ ಎಂದು ಪ್ರಶಸ್ತಿ ಕೊಡುತ್ತಾರೆ. ಶಾಲೆಯವರು ಅಪ್ಪ ಅಮ್ಮಂದಿರನ್ನು ‘ಪೋಷಕರ ಸಭೆ’ಗೆ ಕರೆಯುತ್ತಾರೆ. ಇಂಗ್ಲಿಷಿನ ಪದದಲ್ಲಿ ಊರುಗೋಲಿನ ಅರ್ಥವಿದ್ದರೆ ನಮ್ಮ ಪದದಲ್ಲಿ ಉಣಿಸಿ ಬೆಳೆಸುವ ಅರ್ಥವಿದೆ, ಮತ್ತು ನಾನು ಹೇಳಬೇಕೆಂದಿರುವುದಕ್ಕೆ ಕನ್ನಡದ ಪದವೇ ಹೆಚ್ಚು ಸರಿಯಾಗಿ ಹೊಂದುತ್ತದೆ. ‘ದ ಸಿಂಪ್ಸನ್ಸ್’ನ ನಾಯಕ ಹೋಮರ್ ಸಿಂಪ್ಸನ್‌ನನ್ನು ಮೂವತ್ತೈದು ವರ್ಷಕ್ಕೂ ಮೀರಿ ಸಾಕಿದವರು ಪಕ್ಕದ ಮನೆಯ ನೆಡ್ ಫ್ಲ್ಯಾಂಡರ್ಸ್, ಬಾರಿನ ಮೋ, ಅವನು ದುಡಿಯುವ ಅಣು ಸ್ಥಾವರದ ಮಾಲೀಕ ಬರ್ನ್ಸ್, ಶಾಲೆಯ ಪ್ರಿನ್ಸಿಪಾಲ್ ಸ್ಕಿನ್ನರ್ ಮುಂತಾದವರು.

ಒಳ್ಳೆಯ ಪೋಷಕ ಪಾತ್ರವನ್ನು ಗುರುತಿಸಲು ನನ್ನದೊಂದು ಪರೀಕ್ಷೆಯಿದೆ. ನಾಯಕ ಕೋಣೆಯಿಂದ ಹೊರಗೆ ಹೋದ ಮೇಲೆ ಈ ಮನುಷ್ಯ ಏನು ಮಾಡುತ್ತಾನೆ ಎಂದು ನನ್ನನ್ನೇ ಕೇಳಿಕೊಳ್ಳುತ್ತೇನೆ. ಮೋ ಬಾರಿನ ಬಾಗಿಲು ಹಾಕಿ ಒಬ್ಬನೇ ಕೂರುತ್ತಾನೆ. ಸ್ಕಿನ್ನರ್ ತನ್ನ ತಾಯಿಗೆ ಹೆದರಿ ಹೊತ್ತಿಗೆ ಸರಿಯಾಗಿ ಮನೆ ಸೇರುತ್ತಾನೆ. ಹೀಗೆ ಥಟ್ಟನೆ ಉತ್ತರ ಹೊಳೆದರೆ ಅದು ಪಾತ್ರ. ಏನೂ ಹೊಳೆಯದಿದ್ದರೆ ಅದು ನಗೆ ಹುಟ್ಟಿಸುವುದಕ್ಕೆಂದು ಇಟ್ಟ ಬರೀ ಸಾಮಾನು.

ಅನಿಮೇಷನ್ ಧಾರಾವಾಹಿಗಳಲ್ಲಿಯೇ ಇಷ್ಟೊಂದು ಪೋಷಕ ಪಾತ್ರಗಳು ಇರುವುದೇಕೆ?

ಇದಕ್ಕೆ ಮೊದಲ ಕಾರಣ ದುಡ್ಡು. ನಟರನ್ನು ನಿಲ್ಲಿಸಿ ಚಿತ್ರೀಕರಿಸುವ ಧಾರಾವಾಹಿಯಲ್ಲಿ ಹೊಸದೊಂದು ಪಾತ್ರ ಬಂದರೆ ಹೊಸದೊಂದು ಸಂಬಳ, ಹೊಸ ಉಡುಪು, ಕೆಲವೊಮ್ಮೆ ಹೊಸ ಸೆಟ್ಟೇ ಬೇಕಾಗುತ್ತದೆ. ಚಿತ್ರ ಬರೆಯುವಲ್ಲಿ ಆ ಖರ್ಚಿಲ್ಲ. ‘ದ ಸಿಂಪ್ಸನ್ಸ್’ನ ಮುಖ್ಯ ಧ್ವನಿ ಕಲಾವಿದರು ಆರೇ ಜನ. ಡ್ಯಾನ್ ಕ್ಯಾಸ್ಟೆಲನೆಟಾ ಅವರೊಬ್ಬರೇ ಹೋಮರ್, ಅವನ ಮುದಿ ತಂದೆ, ವಿದೂಷಕ ಕ್ರಸ್ಟಿ, ಕುಡುಕ ಬಾರ್ನಿ, ಶಾಲೆಯ ತೋಟದ ವಿಲ್ಲಿ, ಮೇಯರ್ ಕ್ವಿಂಬಿ ಇಷ್ಟೂ ಜನ ಆಗುತ್ತಾರೆ. ಹ್ಯಾರಿ ಶೀರರ್ ಅವರದಂತೂ ನನಗೆ ಎಂದೂ ಮುಗಿಯದ ಬೆರಗು. ಅಣು ಸ್ಥಾವರದ ಮಾಲೀಕ ಬರ್ನ್ಸ್ ಗದರುವುದೂ, ಅವನ ಆಪ್ತ ಸಹಾಯಕ ಸ್ಮಿದರ್ಸ್ ಅದಕ್ಕೆ ಭಕ್ತಿಯಿಂದ ತಲೆಬಾಗುವುದೂ ಒಂದೇ ಗಂಟಲಿನಿಂದ ಹೊರಡುವ ಮಾತುಗಳು. ಒಬ್ಬನೇ ಮನುಷ್ಯ ತನ್ನನ್ನು ತಾನೇ ಬೈದು ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಾನೆ ಎಂದು ಗೊತ್ತಿದ್ದೂ, ಪರದೆಯ ಮೇಲೆ ಇಬ್ಬರು ಕಾಣುತ್ತಾರೆ, ಇಬ್ಬರ ನಡುವಿನ ಸಂಬಂಧವೂ ಕಾಣುತ್ತದೆ.

ಎರಡನೆಯದು ವಯಸ್ಸು. ಹೋಮರ್‌ನ ಮಗ ಬಾರ್ಟ್ ಇಂದಿಗೂ ಹತ್ತು ವರ್ಷದ ಹುಡುಗ. ಮುಖ್ಯ ಪಾತ್ರಗಳು ದೊಡ್ಡವರಾಗದ ಕಾರಣ ಅವರ ಬದುಕಿನಲ್ಲಿ ಹೊಸ ತಿರುವುಗಳನ್ನು ತರುವುದಕ್ಕೆ ಒಂದು ಮಿತಿಯಿದೆ, ಹಾಗಾಗಿ ಕಥೆಗಾರರು ಅನಿವಾರ್ಯವಾಗಿ ಪಕ್ಕದ ಮನೆಯ ಕದ ತಟ್ಟಬೇಕಾಗುತ್ತದೆ. ಸಿಂಪ್ಸನ್ ಸಂಸಾರ ವಾಸಿಸುವ ಕಲ್ಪಿತ ಊರಾದ ಸ್ಪ್ರಿಂಗ್‌ಫೀಲ್ಡ್ ಒಂದು ನಿಜವಾದ ಊರಿನಂತೆ ತುಂಬಿಕೊಂಡದ್ದು ಹೀಗೆ. ಆ ಊರಿನ ಹೆಸರುಗಳೂ ನಿಜವಾದ ಊರೊಂದರಿಂದಲೇ ಬಂದವು; ಸೃಷ್ಟಿಕರ್ತ ಮ್ಯಾಟ್ ಗ್ರೇನಿಂಗ್ ಬೆಳೆದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ ಫ್ಲ್ಯಾಂಡರ್ಸ್, ಲವ್‌ಜಾಯ್, ಕ್ವಿಂಬಿ ಎಂಬ ಬೀದಿಗಳಿವೆ.

ನಿಮಗೆ ಎಲ್ಲರಿಗಿಂತ ಇಷ್ಟವಾದ ಪೋಷಕ ಪಾತ್ರ ಯಾವುದು?

ನೆಡ್ ಫ್ಲ್ಯಾಂಡರ್ಸ್, ಎರಡು ಮಾತಿಲ್ಲ. ಮೀಸೆ, ಕನ್ನಡಕ, ಹಸಿರು ಸ್ವೆಟರ್, ಮಾತಿಗೊಮ್ಮೆ ‘ಡಿಡ್ಲಿ’ ಎಂದು ಸೇರಿಸುವ ಅಭ್ಯಾಸ, ಏನು ಕೇಳಿದರೂ ಇಲ್ಲವೆನ್ನದ ಸ್ವಭಾವ. ಅವನನ್ನು ಮೊದಲು ಸೃಷ್ಟಿಸಿದ್ದು ಹೋಮರ್‌ಗೆ ಹೊಟ್ಟೆಕಿಚ್ಚು ಹುಟ್ಟಿಸಲು ಎನ್ನಬಹುದು, ಏಕೆಂದರೆ ಹೋಮರ್ ಏನೇನು ಆಗಬೇಕಿತ್ತೋ ಅದೆಲ್ಲ ಬೇಲಿಯ ಆಚೆ ನಗುನಗುತ್ತ ನಿಂತಿದೆ.

1996ರ ಡಿಸೆಂಬರ್‌ನಲ್ಲಿ ಬಂದ ‘ಹರಿಕೇನ್ ನೆಡ್ಡಿ’ ಎಂಬ ಕಂತಿನಲ್ಲಿ ಚಂಡಮಾರುತವೊಂದು ಬೀಸಿ ಇಡೀ ಬೀದಿಯಲ್ಲಿ ಅವನ ಮನೆಯೊಂದನ್ನೇ ನೆಲಸಮ ಮಾಡುತ್ತದೆ. ಊರಿನವರು ಸೇರಿ ಹೊಸ ಮನೆ ಕಟ್ಟಿಕೊಡುತ್ತಾರೆ, ಆದರೆ ಕೆಲಸ ಎಷ್ಟು ಹದಗೆಟ್ಟಿರುತ್ತದೆ ಎಂದರೆ ಅದು ಅವನ ಕಣ್ಣೆದುರಿಗೇ ಕುಸಿಯುತ್ತದೆ. ಆಗ ಜೀವಮಾನವಿಡೀ ತಡೆದಿಟ್ಟ ಸಿಟ್ಟು ಒಡೆದು, ಅವನು ನೆರೆದವರನ್ನು ಒಬ್ಬೊಬ್ಬರನ್ನಾಗಿ ಬೈಯುತ್ತಾನೆ. ಬೈದ ಮೇಲೆ ತಾನೇ ಕಾರು ಓಡಿಸಿಕೊಂಡು ಹೋಗಿ ಮಾನಸಿಕ ಆಸ್ಪತ್ರೆಗೆ ಸೇರಿಕೊಳ್ಳುತ್ತಾನೆ. ಬಾಲ್ಯದಲ್ಲಿ ಅವನು ಅಂಕೆಗೆ ಸಿಗದ ತುಂಟನಾಗಿದ್ದನೆಂದೂ, ಎಂಟು ತಿಂಗಳು ನಡೆದ ವಿಚಿತ್ರ ಚಿಕಿತ್ಸೆಯೊಂದು ಅವನಿಗೆ ಸಿಟ್ಟು ಮಾಡುವುದನ್ನೇ ಮರೆಸಿತೆಂದೂ ಅಲ್ಲಿ ನಮಗೆ ತಿಳಿಯುತ್ತದೆ. ಏಳು ವರ್ಷ ನಾವು ನಕ್ಕಿದ್ದ ಆ ‘ಡಿಡ್ಲಿ’ ಎಂಬ ತೊದಲು, ಬಾಯಿಗೆ ಬಂದ ಸಿಟ್ಟಿನ ಮಾತನ್ನು ಅವನು ನುಂಗುವಾಗ ಹೊರಬೀಳುವ ಸದ್ದು. ಆ ಕಂತನ್ನು ಮೊದಲ ಸಲ ನೋಡಿದ ರಾತ್ರಿ ನಾನು ಹಳೆಯ ಕಂತುಗಳನ್ನೆಲ್ಲ ಮನಸ್ಸಿನಲ್ಲೇ ಮತ್ತೆ ನೋಡಿದೆ, ಮತ್ತು ಅವನು ಬಾಯಿ ತೆರೆದಲ್ಲೆಲ್ಲ ನನಗೆ ಕೇಳಿಸಿದ್ದು ಬೇರೆಯೇ.

ಹಾಗಿದ್ದರೆ ನಂತರದ ವರ್ಷಗಳಲ್ಲಿ ಫ್ಲ್ಯಾಂಡರ್ಸ್ ಕೆಟ್ಟದ್ದೇಕೆ?

ಇದು ಅಭಿಮಾನಿಗಳಿಗೆಲ್ಲ ನೋವಿನ ವಿಷಯ. ಒಂದು ಪಾತ್ರದ ಹಲವು ಗುಣಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡು, ವರ್ಷದಿಂದ ವರ್ಷಕ್ಕೆ ಅದನ್ನೇ ಊದಿಸುತ್ತ ಹೋಗುವುದಕ್ಕೆ ಇಂಗ್ಲಿಷಿನ ಅಭಿಮಾನಿಗಳು ಇವನ ಹೆಸರಿನಿಂದಲೇ ಒಂದು ಪದ ಕಟ್ಟಿದ್ದಾರೆ. ಕನ್ನಡದಲ್ಲಿ ‘ಫ್ಲ್ಯಾಂಡರೀಕರಣ’ ಎನ್ನಬಹುದು. ಮೊದಲ ಕೆಲವು ವರ್ಷ ಅವನು ಒಳ್ಳೆಯ ನೆರೆಯವ, ಒಳ್ಳೆಯ ತಂದೆ, ಅದರ ಜೊತೆಗೆ ದೈವಭಕ್ತ. ಆಮೇಲಾಮೇಲೆ ಭಕ್ತಿ ಮಾತ್ರ ಉಳಿದು ಅದು ಮೂಢತನದ ಕಡೆಗೆ ಜಾರಿತು. ಬರಹಗಾರರ ಕೊಠಡಿಯಲ್ಲಿ ಜನ ಬದಲಾದಂತೆ, ಹೊಸಬರು ನಿಜವಾದ ಮನುಷ್ಯರನ್ನು ನೋಡಿ ಬರೆಯುವ ಬದಲು ಹಳೆಯ ಕಂತುಗಳನ್ನು ನೋಡಿ ಬರೆಯತೊಡಗುವುದು ಇದಕ್ಕೆ ಕಾರಣವೆಂದು ನನ್ನ ಎಣಿಕೆ. ಅಚ್ಚಿನಿಂದ ಅಚ್ಚು ತೆಗೆದರೆ ಮೂಗು ಮಾತ್ರ ಉಳಿದು ಮುಖ ಅಳಿಸಿಹೋಗುತ್ತದೆ.

ಆದರೂ ಅವನಿಗೆ ಒಂದು ವಿಷಯದಲ್ಲಿ ನ್ಯಾಯ ಸಿಕ್ಕಿದೆ. 2000ದಲ್ಲಿ ಅವನ ಹೆಂಡತಿ ಮಾಡ್ ಸತ್ತಾಗ ಧಾರಾವಾಹಿ ಅದನ್ನು ಹಿಂದಕ್ಕೆ ತಿರುಗಿಸಲಿಲ್ಲ. ಎಲ್ಲವೂ ಮುಂದಿನ ವಾರ ಮೊದಲಿನಂತಾಗುವ ಲೋಕದಲ್ಲಿ ಈ ಮನುಷ್ಯನ ದುಃಖ ಮಾತ್ರ ಉಳಿದುಕೊಂಡಿತು.

ಒಂದೇ ಕಂತಿನಲ್ಲಿ ಬಂದು ಹೋದವರಲ್ಲಿ ಯಾರು ಮುಖ್ಯ?

ಫ್ರ್ಯಾಂಕ್ ಗ್ರೈಮ್ಸ್. 1997ರ ಮೇ 4ರಂದು ಪ್ರಸಾರವಾದ ‘ಹೋಮರ್ಸ್ ಎನಿಮಿ’ ಎಂಬ ಕಂತು ಅವನದು. ಕಷ್ಟಪಟ್ಟು ಮೇಲೆ ಬಂದ, ಪೆನ್ಸಿಲಿನ ಮೇಲೂ ತನ್ನ ಹೆಸರು ಬರೆದುಕೊಳ್ಳುವಷ್ಟು ಶಿಸ್ತಿನ ನೌಕರ ಹೋಮರ್‌ನ ಪಕ್ಕದ ಮೇಜಿಗೆ ಬರುತ್ತಾನೆ. ಅವನ ಬಾಡಿಗೆ ಮನೆಯ ಮೇಲೊಂದು ಬೌಲಿಂಗ್ ಆಟದ ಅಂಗಣ, ಕೆಳಗೊಂದು ಬೌಲಿಂಗ್ ಆಟದ ಅಂಗಣ. ಅಂಥವನು ಹೋಮರ್‌ನ ಮನೆಗೆ ಊಟಕ್ಕೆ ಹೋಗಿ ಎರಡಂತಸ್ತಿನ ಮನೆ, ಪ್ರೀತಿಸುವ ಹೆಂಡತಿ, ಮಕ್ಕಳು, ಊಟಕ್ಕೆ ಲಾಬ್‌ಸ್ಟರ್ ಎಂಬ ದುಬಾರಿ ಕಡಲ ಖಾದ್ಯ ನೋಡಿ ತಡೆದುಕೊಳ್ಳಲಾರದೆ ಹೋಗುತ್ತಾನೆ. ಕೊನೆಗೆ ಹೋಮರ್‌ನಂತೆ ಬೇಜವಾಬ್ದಾರಿಯಿಂದ ನಡೆದುಕೊಂಡು ತೋರಿಸುವ ಹುಚ್ಚಿನಲ್ಲಿ ವಿದ್ಯುತ್ ತಂತಿಗೆ ಕೈ ಹಾಕಿ ಸಾಯುತ್ತಾನೆ. ಅವನ ಅಂತ್ಯಕ್ರಿಯೆಯಲ್ಲಿ ಹೋಮರ್ ನಿದ್ದೆಗಣ್ಣಿನಲ್ಲಿ ಚಾನೆಲ್ ಬದಲಿಸೆಂದು ಹೆಂಡತಿಗೆ ಹೇಳುತ್ತಾನೆ, ಸೇರಿದವರೆಲ್ಲ ನಗುತ್ತಾರೆ, ಶವಪೆಟ್ಟಿಗೆ ಮಣ್ಣಿಗಿಳಿಯುತ್ತದೆ.

ಈ ಕಂತು ಕ್ರೂರವೆಂದು ಸಿಟ್ಟಾದವರಿದ್ದಾರೆ. ಕ್ರೂರವೆಂಬುದನ್ನು ನಾನೂ ಒಪ್ಪುತ್ತೇನೆ, ಆದರೆ ಅದು ಪ್ರಾಮಾಣಿಕವಾದ ಕ್ರೌರ್ಯ. ನಾಯಕನನ್ನು ಪ್ರೀತಿಸುವ ಊರಿನಲ್ಲಿ ಅವನನ್ನು ಪ್ರೀತಿಸಲಾರದ ಒಬ್ಬ ವಿವೇಕಿಯ ಗತಿಯೇನು ಎಂಬುದನ್ನು ಇಷ್ಟು ನೇರವಾಗಿ ಕೇಳಿದ ಬೇರೆ ಹಾಸ್ಯ ಧಾರಾವಾಹಿಯನ್ನು ನಾನು ನೋಡಿಲ್ಲ. ದುಡಿದೂ ದಕ್ಕದವರನ್ನು ನಮ್ಮ ಕಚೇರಿಗಳಲ್ಲಿ ನಾವೆಲ್ಲರೂ ನೋಡಿದ್ದೇವೆ.

ಮಕ್ಕಳ ಪಾತ್ರಗಳಲ್ಲಿ ಯಾರನ್ನು ಮೆಚ್ಚುತ್ತೀರಿ?

ಪೊಲೀಸ್ ಮುಖ್ಯಸ್ಥನ ಮಗ ರಾಲ್ಫ್ ವಿಗಮ್‌ನನ್ನು. ಅವನ ಅಸಂಬದ್ಧ ಮಾತುಗಳನ್ನು ಎಲ್ಲರೂ ಹೇಳಿ ನಗುತ್ತಾರೆ, ಆದರೆ ನನಗೆ ನೆನಪಾಗುವುದು 1993ರ ಫೆಬ್ರವರಿಯ ‘ಐ ಲವ್ ಲೀಸಾ’. ಪ್ರೇಮಿಗಳ ದಿನ ಯಾರಿಂದಲೂ ಒಂದು ಕಾರ್ಡು ಸಿಗದ ರಾಲ್ಫ್‌ಗೆ ಹೋಮರ್‌ನ ಮಗಳು ಲೀಸಾ ಕನಿಕರದಿಂದ ರೈಲಿನ ಚಿತ್ರವಿರುವ ಕಾರ್ಡೊಂದನ್ನು ಕೊಡುತ್ತಾಳೆ. ಅವನು ಅದನ್ನು ಪ್ರೀತಿಯೆಂದೇ ತಿಳಿಯುತ್ತಾನೆ. ಮುಂದೆ ಟಿವಿ ಕಾರ್ಯಕ್ರಮವೊಂದರಲ್ಲಿ ಎಲ್ಲರೆದುರು ಲೀಸಾ ಅವನನ್ನು ನಿರಾಕರಿಸುತ್ತಾಳೆ. ಮನೆಯಲ್ಲಿ ಬಾರ್ಟ್ ಅದರ ಟೇಪನ್ನು ನಿಧಾನವಾಗಿ ಹಿಂದೆ ಮುಂದೆ ಓಡಿಸಿ, ಹುಡುಗನ ಎದೆ ಒಡೆದ ಕ್ಷಣ ಇದೇ ಎಂದು ಚಿತ್ರವನ್ನು ನಿಲ್ಲಿಸಿ ತೋರಿಸುತ್ತಾನೆ. ಪರದೆಯ ಮೇಲೆ ಇರುವುದು ಎರಡು ದುಂಡು ಕಣ್ಣು, ಒಂದು ಗೆರೆಯ ಬಾಯಿ, ಅಷ್ಟೇ. ಅಷ್ಟರಲ್ಲೇ ಚಿತ್ರಕಾರರು ಆ ಮುಖ ಕುಸಿಯುವುದನ್ನು ಬರೆದಿದ್ದಾರೆ.

‘ಸೌತ್ ಪಾರ್ಕ್’ ಧಾರಾವಾಹಿಯ ಬಟರ್ಸ್ ಕೂಡ ಇದೇ ಬಳಗದವನು. ಪದೇ ಪದೇ ಸತ್ತು ಮತ್ತೆ ಮರಳುತ್ತಿದ್ದ ಕೆನ್ನಿ ಎಂಬ ಹುಡುಗನನ್ನು 2001ರಲ್ಲಿ ಸ್ವಲ್ಪ ಕಾಲ ನಿಜವಾಗಿಯೇ ಸಾಯಿಸಿದಾಗ ಆ ಖಾಲಿ ಜಾಗಕ್ಕೆ ಬಂದ ಈ ಮುಗ್ಧ ಹುಡುಗ ತನ್ನ ಒಳ್ಳೆಯತನದಿಂದಲೇ ಅಲ್ಲಿ ಬೇರೂರಿದ.

ಒಂದೇ ಒಂದು ಸಂಭಾಷಣೆಯಿಂದ ಪಾತ್ರ ಎದ್ದು ನಿಂತ ಉದಾಹರಣೆ ಇದೆಯೇ?

ಇದೆ. ಬಾರ್ಟ್‌ನ ಗೆಳೆಯ ಮಿಲ್‌ಹೌಸ್‌ನ ತಂದೆ ಕರ್ಕ್ ಬಹುಕಾಲ ಹಿನ್ನೆಲೆಯಲ್ಲಿ ನಿಲ್ಲುವ ಮನುಷ್ಯನಾಗಿದ್ದ. 1996ರ ‘ಎ ಮಿಲ್‌ಹೌಸ್ ಡಿವೈಡೆಡ್’ ಕಂತಿನಲ್ಲಿ, ಬೇರೆಯವರ ಮನೆಯ ಊಟದ ಮೇಜಿನ ಮುಂದೆಯೇ ಅವನ ಸಂಸಾರ ಮುರಿಯುತ್ತದೆ. ಬಿಸ್ಕತ್ತು ಕಾರ್ಖಾನೆಯ ಕೆಲಸವೂ ಹೋಗುತ್ತದೆ. ಒಂಟಿಯಾದ ಕರ್ಕ್, ತಾನು ರೇಸ್ ಕಾರಿನ ಆಕಾರದ ಮಂಚದಲ್ಲಿ ಮಲಗುವುದಾಗಿ ಹೋಮರ್‌ಗೆ ಹೆಮ್ಮೆಯಿಂದ ಹೇಳಿ, ನಿನಗೆ ಅಂಥದ್ದಿದೆಯೇ ಎಂದು ಕೇಳುತ್ತಾನೆ. ತಾನು ದೊಡ್ಡ ಮಂಚದಲ್ಲಿ ಹೆಂಡತಿಯ ಜೊತೆ ಮಲಗುತ್ತೇನೆ ಎಂದು ಹೋಮರ್ ಉತ್ತರಿಸುತ್ತಾನೆ. ಹೋಮರ್‌ಗೆ ಚುಚ್ಚುವ ಉದ್ದೇಶವಿಲ್ಲ, ಇದ್ದದ್ದನ್ನು ಹೇಳಿದ್ದಾನೆ. ಆ ಎರಡು ಮಾತುಗಳಲ್ಲಿ ಕರ್ಕ್‌ನ ಇಡೀ ಬದುಕು ಕಂಡುಬಿಡುತ್ತದೆ. ಅದೇ ರಾತ್ರಿಯಿಂದ ಹೋಮರ್ ತನ್ನ ದಾಂಪತ್ಯದ ಬಗ್ಗೆ ಚಿಂತೆಗೀಡಾಗುತ್ತಾನೆ. ಪೋಷಕ ಪಾತ್ರ ನಾಯಕನನ್ನು ಬೆಳೆಸುವುದು ಎಂದರೆ ನನ್ನ ಲೆಕ್ಕದಲ್ಲಿ ಇದು.

‘ದ ಸಿಂಪ್ಸನ್ಸ್’ ಬಿಟ್ಟರೆ ಯಾವ ಧಾರಾವಾಹಿಯ ಪೋಷಕ ಪಾತ್ರಗಳು ಉತ್ತಮ?

‘ಕಿಂಗ್ ಆಫ್ ದ ಹಿಲ್’ ಎಂದು ಹಿಂದೆಮುಂದೆ ನೋಡದೆ ಹೇಳುತ್ತೇನೆ. ಮೈಕ್ ಜಡ್ಜ್ ಮತ್ತು ಗ್ರೆಗ್ ಡೇನಿಯಲ್ಸ್ ರೂಪಿಸಿದ ಈ ಧಾರಾವಾಹಿ 1997ರ ಜನವರಿ 12ರಂದು ಆರಂಭವಾಯಿತು. ಟೆಕ್ಸಸ್ ರಾಜ್ಯದ ಆರ್ಲೆನ್ ಎಂಬ ಕಲ್ಪಿತ ಊರಿನ ಒಂದು ಓಣಿಯಲ್ಲಿ ನಾಲ್ವರು ಗೆಳೆಯರು ಬಿಯರ್ ಹಿಡಿದು ನಿಲ್ಲುತ್ತಾರೆ. ನಾಯಕ ಹ್ಯಾಂಕ್ ಹಿಲ್ ಪ್ರೊಪೇನ್ ಅನಿಲ ಮಾರುವವನು.

ಅವನ ಗೆಳೆಯ ಡೇಲ್ ಗ್ರಿಬಲ್‌ನಷ್ಟು ಚೆನ್ನಾಗಿ ಕಟ್ಟಿದ ಪೋಷಕ ಪಾತ್ರ ಬಲು ಅಪರೂಪ. ಸರ್ಕಾರ ಏನು ಮಾಡಿದರೂ ಅದರಲ್ಲಿ ಪಿತೂರಿ ಕಾಣುವ ಈ ಮನುಷ್ಯನಿಗೆ, ತನ್ನ ಹೆಂಡತಿ ನ್ಯಾನ್ಸಿ ಹದಿನಾಲ್ಕು ವರ್ಷ ಜಾನ್ ರೆಡ್‌ಕಾರ್ನ್ ಎಂಬುವನೊಂದಿಗೆ ಸಂಬಂಧವಿಟ್ಟುಕೊಂಡದ್ದಾಗಲಿ, ಮಗ ಜೋಸೆಫ್ ಬಣ್ಣದಲ್ಲಿ, ಮುಖದಲ್ಲಿ ರೆಡ್‌ಕಾರ್ನ್‌ನನ್ನೇ ಹೋಲುವುದಾಗಲಿ ಒಂದು ದಿನವೂ ಕಾಣುವುದಿಲ್ಲ. ಊರಿಗೆಲ್ಲ ಗೊತ್ತು, ಗೆಳೆಯರಿಗೂ ಗೊತ್ತು. ಮೊದಮೊದಲು ಇದು ನಗೆಯ ವಿಷಯ. ವರ್ಷ ಕಳೆದಂತೆ, ಡೇಲ್ ಆ ಹುಡುಗನಿಗೆ ಎಷ್ಟು ಒಳ್ಳೆಯ ತಂದೆಯೆಂದೂ, ರೆಡ್‌ಕಾರ್ನ್‌ನ ಜನಾಂಗದ ಜಮೀನಿನ ವ್ಯಾಜ್ಯಕ್ಕೆ ಎಷ್ಟು ಮನಃಪೂರ್ವಕವಾಗಿ ನೆರವಾದನೆಂದೂ ನೋಡುತ್ತ ನೋಡುತ್ತ, ಅವನಿಗೆ ನಿಜ ತಿಳಿಯದಿರಲಿ ಎಂದು ನಾವೇ ಹಾರೈಸತೊಡಗುತ್ತೇವೆ. ಪ್ರೇಕ್ಷಕನನ್ನು ಗುಟ್ಟಿನ ಪಾಲುದಾರನನ್ನಾಗಿ ಮಾಡಿಬಿಡುವ ಈ ಕಲೆ ಸಾಮಾನ್ಯವಾದದ್ದಲ್ಲ. ಡೇಲ್‌ಗೆ ಧ್ವನಿಯಾಗಿದ್ದ ಜಾನಿ ಹಾರ್ಡ್‌ವಿಕ್ 2023ರಲ್ಲಿ ತೀರಿಕೊಂಡರು.

ಇನ್ನೊಬ್ಬ ಗೆಳೆಯ ಬಿಲ್ ಡೋಟರೀವ್ ಸೇನೆಯ ಕ್ಷೌರಿಕ. ಶಾಲಾ ದಿನಗಳಲ್ಲಿ ಫುಟ್‌ಬಾಲಿನ ಹುಲಿಯಾಗಿದ್ದವನು ಹೆಂಡತಿ ಲೆನೋರ್ ಬಿಟ್ಟುಹೋದ ಮೇಲೆ ಮತ್ತೆ ಎದ್ದಿಲ್ಲ. ಅವನ ಕಂತುಗಳನ್ನು ನಾನು ಆಗಾಗ ನೋಡಲಾರೆ.

ಅಪು ಪಾತ್ರದ ವಿಷಯದಲ್ಲಿ ಭಾರತೀಯರಾದ ನೀವು ಏನು ಹೇಳುತ್ತೀರಿ?

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕ್ವಿಕ್-ಇ-ಮಾರ್ಟ್ ಎಂಬ ಅಂಗಡಿ ನಡೆಸುವ ಅಪು ನಹಸಪೀಮಪೆಟಿಲಾನ್ 1990ರಲ್ಲಿ ಕಾಣಿಸಿಕೊಂಡ. ಅಪು ಎಂಬ ಹೆಸರು ಸತ್ಯಜಿತ್ ರಾಯ್ ಅವರ ಮೂರು ಚಿತ್ರಗಳ ನಾಯಕನಿಂದ ಬಂದದ್ದು. ಆದರೆ ಆ ಅಡ್ಡಹೆಸರು ಕನ್ನಡದ್ದಲ್ಲ, ಬಂಗಾಳಿಯದ್ದಲ್ಲ, ನಮ್ಮ ದೇಶದ ಯಾವ ಭಾಷೆಯದೂ ಅಲ್ಲ. ನಮ್ಮ ಹೆಸರುಗಳು ಉದ್ದ ಎಂಬ ಒಂದೇ ನಗೆಗಾಗಿ ಜೋಡಿಸಿದ ಅಕ್ಷರಗಳ ರಾಶಿ ಅದು. ಧ್ವನಿ ಕೊಟ್ಟವರು ಭಾರತದ ಸಂಬಂಧವೇ ಇಲ್ಲದ ಹ್ಯಾಂಕ್ ಅಜೇರಿಯಾ. ಅಮೆರಿಕದ ದೂರದರ್ಶನದಲ್ಲಿ ಬೇರೆ ಭಾರತೀಯ ಮುಖವೇ ಇಲ್ಲದಿದ್ದ ಕಾಲದಲ್ಲಿ ಅಲ್ಲಿ ಬೆಳೆದ ನಮ್ಮವರ ಮಕ್ಕಳಿಗೆ, ಕನ್ನಡಿಗರ ಮಕ್ಕಳೂ ಅದರಲ್ಲಿ ಸೇರಿದ್ದಾರೆ, ಶಾಲೆಯಲ್ಲಿ ಆ ಉಚ್ಚಾರಣೆಯಲ್ಲೇ ಅಣಕದ ಮಾತು ಬೀಳುತ್ತಿತ್ತು. ನ್ಯೂಯಾರ್ಕಿನ ಹಾಸ್ಯ ಕಲಾವಿದ ಹರಿ ಕೊಂಡಬೋಲು 2017ರಲ್ಲಿ ಇದರ ಬಗ್ಗೆಯೇ ‘ದ ಪ್ರಾಬ್ಲಮ್ ವಿತ್ ಅಪು’ ಎಂಬ ಸಾಕ್ಷ್ಯಚಿತ್ರ ಮಾಡಿದರು. ಮರುವರ್ಷ ಧಾರಾವಾಹಿ ಅದಕ್ಕೆ ಉತ್ತರ ಕೊಟ್ಟದ್ದು ಲೀಸಾಳ ಬಾಯಿಂದ. ಹಿಂದೆ ಎಲ್ಲರೂ ಮೆಚ್ಚಿದ್ದು ಈಗ ತಪ್ಪಾದರೆ ಏನು ಮಾಡಲಾದೀತು ಎಂಬ ಧಾಟಿಯ ಉತ್ತರ. ಅನ್ಯಾಯ ಕಂಡರೆ ಸುಮ್ಮನಿರದ ಹುಡುಗಿಯ ಬಾಯಲ್ಲಿ ಆ ಮಾತನ್ನು ಇಟ್ಟದ್ದು ಆ ಧಾರಾವಾಹಿಯ ಅತಿ ದೊಡ್ಡ ಎಡವು ಎಂದು ನಾನು ಇಂದಿಗೂ ನಂಬಿದ್ದೇನೆ. 2020ರ ಜನವರಿಯಲ್ಲಿ ಅಜೇರಿಯಾ ಆ ಪಾತ್ರಕ್ಕೆ ಇನ್ನು ಧ್ವನಿ ಕೊಡುವುದಿಲ್ಲವೆಂದು ತಿಳಿಸಿದರು. ನಂತರ ಅವರು ಕ್ಷಮೆಯನ್ನೂ ಕೇಳಿದರು. ಅಂದಿನಿಂದ ಅಪು ಹಿನ್ನೆಲೆಯಲ್ಲಿ ಮಾತಿಲ್ಲದೆ ನಿಂತಿದ್ದಾನೆ.

ಇಷ್ಟೆಲ್ಲ ಹೇಳಿದ ಮೇಲೂ 1996ರ ಮೇ ತಿಂಗಳ ‘ಮಚ್ ಅಪು ಅಬೌಟ್ ನಥಿಂಗ್’ ಕಂತನ್ನು ನಾನು ಬಿಟ್ಟುಕೊಡಲಾರೆ. ದಾಖಲೆಯಿಲ್ಲದ ವಲಸಿಗರನ್ನು ಹೊರಗಟ್ಟುವ ಪ್ರಸ್ತಾವ ಊರಿನಲ್ಲಿ ಮತಕ್ಕೆ ಬಂದಾಗ ಅಪು ಹೆದರಿ ಸುಳ್ಳು ಕಾಗದಪತ್ರ ಮಾಡಿಸುತ್ತಾನೆ, ಬೇಸ್‌ಬಾಲ್ ತಂಡವೊಂದರ ಅಭಿಮಾನಿಯೆಂದು ಹೇಳಿಕೊಳ್ಳುತ್ತಾನೆ, ಅಮೆರಿಕದವನಂತೆ ಉಚ್ಚರಿಸಿ ಮಾತಾಡುತ್ತಾನೆ. ಆಮೇಲೆ ತನ್ನ ಬೇರುಗಳಿಗೆ ದ್ರೋಹ ಮಾಡಿದೆನೆಂದು ಸಂಕಟಪಡುತ್ತಾನೆ. ಕೊನೆಗೆ ಪೌರತ್ವದ ಪರೀಕ್ಷೆಗೆ ಓದಿ ಕೂರುತ್ತಾನೆ. ಅಮೆರಿಕದ ಅಂತರ್ಯುದ್ಧಕ್ಕೆ ಕಾರಣವೇನೆಂದು ಪರೀಕ್ಷಕ ಕೇಳಿದಾಗ ಅವನು ಆರ್ಥಿಕ ಕಾರಣಗಳಿಂದ ಹಿಡಿದು ವಿಸ್ತಾರವಾಗಿ ಬಿಡಿಸಿ ಹೇಳಲು ಹೊರಡುತ್ತಾನೆ. ಗುಲಾಮಗಿರಿ ಎಂದಷ್ಟೇ ಹೇಳು ಸಾಕು ಎನ್ನುತ್ತಾನೆ ಪರೀಕ್ಷಕ. ಆ ದೇಶದ ಚರಿತ್ರೆಯನ್ನು ಅಲ್ಲಿಯೇ ಹುಟ್ಟಿದವರಿಗಿಂತ ಹೆಚ್ಚು ಓದಿಕೊಂಡು, ಆದರೂ ತನ್ನ ಉಚ್ಚಾರಣೆಗಾಗಿ ಭಯಪಡುವ ಆ ಮನುಷ್ಯನನ್ನು ನಮ್ಮ ಬಂಧುಬಳಗದಲ್ಲೇ ನಾನು ಕಂಡಿದ್ದೇನೆ. ಹೆಸರನ್ನೂ ಧ್ವನಿಯನ್ನೂ ಅಸಡ್ಡೆಯಿಂದ ಕಟ್ಟಿದ ಪಾತ್ರಕ್ಕೆ ಬರಹಗಾರರು ಕೆಲವು ಸಲ ನಿಜವಾದ ಪ್ರಾಣ ಕೊಟ್ಟರು, ಹಾಗಾಗಿಯೇ ಅವನನ್ನು ಮೂಕನನ್ನಾಗಿಸಿದ್ದು ನನಗೆ ಪರಿಹಾರವೆನಿಸುವುದಿಲ್ಲ. ಭಾರತೀಯ ಮೂಲದ ಕಲಾವಿದರೊಬ್ಬರಿಗೆ ಆ ಧ್ವನಿಯನ್ನೂ, ಭಾರತೀಯ ಮೂಲದ ಬರಹಗಾರರಿಗೆ ಆ ಲೇಖನಿಯನ್ನೂ ಕೊಡಬೇಕು. ಅವನ ಹೆಂಡತಿಗೆ ಮಂಜುಳಾ ಎಂಬ ಹೆಸರಿದೆ, ನಮ್ಮ ಬೀದಿಬೀದಿಯಲ್ಲೂ ಇರುವ ಹೆಸರು. ಎಂಟು ಮಕ್ಕಳ ತಾಯಿಯಾದ ಆಕೆಯ ಬಳಿ ಹೇಳಲು ಬೇಕಾದಷ್ಟು ಕಥೆಯಿರಬೇಕು.

ಹೋಲಿಕೆಗೆ ‘ಕಿಂಗ್ ಆಫ್ ದ ಹಿಲ್’ನ ಕಾನ್‌ನನ್ನು ನೋಡಿ. ಲಾವೋಸ್‌ನಿಂದ ಬಂದ ಈ ನೆರೆಯವನು ತನ್ನ ದೇಶ ಎಲ್ಲಿದೆ ಎಂದು ವಿವರಿಸಿದ ಮೇಲೂ ಹ್ಯಾಂಕ್, ಹಾಗಾದರೆ ನೀನು ಚೀನಾದವನೋ ಜಪಾನಿನವನೋ ಎಂದು ಕೇಳುತ್ತಾನೆ. ಅಲ್ಲಿ ನಗು ಬೀಳುವುದು ಕೇಳಿದವನ ಅಜ್ಞಾನದ ಮೇಲೆ. 2025ರ ಆಗಸ್ಟ್‌ನಲ್ಲಿ ಧಾರಾವಾಹಿ ಮರಳಿ ಬಂದಾಗ ಆ ಪಾತ್ರದ ಧ್ವನಿಯನ್ನು ಏಷ್ಯಾ ಮೂಲದ ರಾನಿ ಚಿಯೆಂಗ್ ಅವರಿಗೆ ವಹಿಸಲಾಯಿತು.

ಧ್ವನಿ ಕಲಾವಿದರು ತೀರಿಕೊಂಡರೆ ಪಾತ್ರವನ್ನು ನಿಲ್ಲಿಸಬೇಕೇ, ಬೇರೆಯವರಿಗೆ ಕೊಡಬೇಕೇ?

ಸಾಮಾನ್ಯವಾಗಿ ನಿಲ್ಲಿಸುವುದೇ ಮೇಲು ಎಂಬ ಪಕ್ಷದವನು ನಾನು. ಫಿಲ್ ಹಾರ್ಟ್‌ಮನ್ 1998ರ ಮೇ 28ರಂದು ಕೊಲೆಯಾದಾಗ, ಅವರು ಧ್ವನಿ ಕೊಡುತ್ತಿದ್ದ ವಕೀಲ ಲಯೊನೆಲ್ ಹಟ್ಸ್ ಮತ್ತು ಮಾಸಿದ ನಟ ಟ್ರಾಯ್ ಮಕ್ಲೂರ್ ಇಬ್ಬರನ್ನೂ ನಿಲ್ಲಿಸಲಾಯಿತು. ‘ಫ್ಯೂಚರಾಮಾ’ದ ಜಂಬದ ಸೇನಾನಿ ಜ್ಯಾಪ್ ಬ್ರ್ಯಾನಿಗನ್ ಕೂಡ ಅವರಿಗೆಂದೇ ಯೋಚಿಸಿದ್ದ ಪಾತ್ರ, ಅದನ್ನು ಬಿಲ್ಲಿ ವೆಸ್ಟ್ ವಹಿಸಿಕೊಂಡರು, ಮತ್ತು ನಾಯಕ ಫ್ರೈಗೆ ಹಾರ್ಟ್‌ಮನ್ ನೆನಪಿನಲ್ಲಿ ಫಿಲಿಪ್ ಎಂಬ ಹೆಸರಿಟ್ಟರು. ಶಿಕ್ಷಕಿ ಎಡ್ನಾ ಕ್ರಬಾಪಲ್‌ಗೆ ಧ್ವನಿಯಾಗಿದ್ದ ಮಾರ್ಸಿಯಾ ವಾಲೆಸ್ 2013ರ ಅಕ್ಟೋಬರ್ 25ರಂದು ತೀರಿಕೊಂಡಾಗ, ಪ್ರತಿ ಕಂತಿನ ಆರಂಭದಲ್ಲಿ ಬಾರ್ಟ್ ಶಿಕ್ಷೆಗಾಗಿ ನೂರು ಸಲ ಬರೆಯುವ ಕಪ್ಪು ಹಲಗೆಯ ಮೇಲೆ ಒಂದೇ ಒಂದು ಸಾಲಿತ್ತು: ನಿಮ್ಮ ನೆನಪು ಬಹಳ ಕಾಡುತ್ತದೆ, ಮಿಸೆಸ್ ಕೆ. ಆ ಹೊತ್ತಿಗೆ ಎಡ್ನಾ ಫ್ಲ್ಯಾಂಡರ್ಸ್‌ನ ಎರಡನೆಯ ಹೆಂಡತಿಯಾಗಿದ್ದಳು. ಹೀಗಾಗಿ ಅವನು ಮತ್ತೊಮ್ಮೆ ವಿಧುರನಾದ. 2014ರ ಒಂದು ಕಂತಿನ ಕೊನೆಯಲ್ಲಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡ ನೆಡ್ ಅವಳೊಂದಿಗೆ ನರ್ತಿಸುವ ಕನಸಿನಿಂದ ಎಚ್ಚರಗೊಳ್ಳುತ್ತಾನೆ. ಎಲ್ಲರನ್ನೂ ಹಂಗಿಸುವ ಪುಂಡ ಹುಡುಗ ನೆಲ್ಸನ್ ಕೂಡ, ನನಗೂ ಅವರ ನೆನಪಾಗುತ್ತದೆ ಎನ್ನುತ್ತಾನೆ.

ಹೆಚ್ಚು ಮಾತೇ ಆಡದ ಪಾತ್ರ ಸತ್ತರೂ ಅಭಿಮಾನಿಗಳು ದುಃಖಪಟ್ಟದ್ದೇಕೆ?

ಮೋನ ಬಾರಿನಲ್ಲಿ ಕೂರುವ ಲ್ಯಾರಿಯ ಬಗ್ಗೆ ಕೇಳುತ್ತಿದ್ದೀರಿ. 1989ರ ಮೊದಲ ಕಂತಿನಿಂದಲೂ ಅವನು ಆ ಸ್ಟೂಲಿನ ಮೇಲಿದ್ದ. 2024ರ ಏಪ್ರಿಲ್‌ನಲ್ಲಿ ಅವನನ್ನು ಸಾಯಿಸಲಾಯಿತು. ಹೋಮರ್, ಮೋ, ಲೆನ್ನಿ, ಕಾರ್ಲ್ ಅವನ ಚಿತಾಭಸ್ಮ ಹೊತ್ತು ಹೊರಟಾಗ, ಇಷ್ಟು ವರ್ಷ ಜೊತೆಗೆ ಕುಡಿದವನ ಬಗ್ಗೆ ತಮಗೆ ಏನೂ ಗೊತ್ತಿಲ್ಲವೆಂದು ಅವರಿಗೆ ಅರಿವಾಗುತ್ತದೆ. ನಮಗೂ ಗೊತ್ತಿರಲಿಲ್ಲ. ದಿನಾ ಬಸ್ ನಿಲ್ದಾಣದಲ್ಲಿ ಕಾಣುವ ವ್ಯಕ್ತಿ ಒಂದು ದಿನ ಕಾಣದಿದ್ದರೆ ಆಗುವ ಕಸಿವಿಸಿ ಅದು.

ಪೋಷಕ ಪಾತ್ರಕ್ಕೆ ಸ್ವಂತ ಧಾರಾವಾಹಿ ಕೊಟ್ಟರೆ ಒಳ್ಳೆಯದಲ್ಲವೇ?

ಸಾಮಾನ್ಯವಾಗಿ ಅಲ್ಲ. ‘ಫ್ಯಾಮಿಲಿ ಗೈ’ನ ಸೌಮ್ಯ ನೆರೆಯವ ಕ್ಲೀವ್‌ಲ್ಯಾಂಡ್ ಬ್ರೌನ್‌ಗೆ 2009ರಲ್ಲಿ ಸ್ವಂತ ಧಾರಾವಾಹಿ ಸಿಕ್ಕಿತು, 2013ರಲ್ಲಿ ಅದು ಮುಗಿದು ಅವನು ಹಳೆಯ ಬೀದಿಗೇ ಮರಳಿದ. ಗಲಾಟೆಯ ಗೆಳೆಯರ ನಡುವೆ ಅವನ ಸೌಮ್ಯತೆಗೆ ಬೆಲೆಯಿತ್ತು. ನಟ್ಟನಡುವೆ ನಿಲ್ಲಿಸಿದಾಗ ಅದು ಸಪ್ಪೆಯಾಯಿತು. ಇದಕ್ಕಿಂತ 1996ರ ‘ಟ್ವೆಂಟಿಟೂ ಶಾರ್ಟ್ ಫಿಲ್ಮ್ಸ್ ಅಬೌಟ್ ಸ್ಪ್ರಿಂಗ್‌ಫೀಲ್ಡ್’ ಕಂತಿನ ದಾರಿ ಮೇಲು. ಅದರಲ್ಲಿ ಊರಿನ ಒಬ್ಬೊಬ್ಬರಿಗೂ ಕೆಲವು ನಿಮಿಷ ಮಾತ್ರ. ಸ್ಕಿನ್ನರ್ ತನ್ನ ಮೇಲಧಿಕಾರಿ ಚಾಲ್ಮರ್ಸ್‌ನನ್ನು ಊಟಕ್ಕೆ ಕರೆದು, ಅಡುಗೆ ಸೀದುಹೋದಾಗ ಕಿಟಕಿಯಿಂದ ಹಾರಿ ಅಂಗಡಿಯ ಬರ್ಗರ್ ತಂದು ತನ್ನದೇ ಕೈಯಡುಗೆಯೆಂದು ಬಡಿಸುವ ಪ್ರಸಂಗ ಮೂರು ನಿಮಿಷವೂ ಇಲ್ಲ. ಅಡುಗೆಮನೆಗೆ ಬೆಂಕಿ ಹತ್ತಿ ಉರಿಯುತ್ತಿದ್ದರೂ ಅದನ್ನು ಧ್ರುವಪ್ರಭೆ ಎಂದು ಸ್ಕಿನ್ನರ್ ಸಾಧಿಸುತ್ತಾನೆ. ಮೇಲಧಿಕಾರಿಯ ಮುಂದೆ ಮರ್ಯಾದೆ ಉಳಿಸಿಕೊಳ್ಳಲು ಒದ್ದಾಡಿದ ಎಲ್ಲರಿಗೂ ಆ ಮೂರು ನಿಮಿಷ ಸೇರಿದ್ದು.

ಹೆಣ್ಣು ಪಾತ್ರಗಳಿಗೆ ಈ ಧಾರಾವಾಹಿಗಳು ನ್ಯಾಯ ಒದಗಿಸಿವೆಯೇ?

ಸಾಕಷ್ಟು ಒದಗಿಸಿಲ್ಲ, ಮತ್ತು ಇದು ನನ್ನ ದೊಡ್ಡ ದೂರು. ಬಾರಿನಲ್ಲಿ, ಕಾರ್ಖಾನೆಯಲ್ಲಿ, ಪೊಲೀಸ್ ಠಾಣೆಯಲ್ಲಿ ಗಂಡಸರಿಗೆ ನೂರು ಸ್ವಭಾವಗಳಿವೆ. ಅವರ ಹೆಂಡತಿಯರಿಗೆ ಅನೇಕ ಸಲ ಹೆಸರಷ್ಟೇ ಇದೆ. ಮಾಡ್ ಫ್ಲ್ಯಾಂಡರ್ಸ್‌ಗೆ ಬದುಕಿದ್ದಾಗ ಸಿಗದಿದ್ದ ಗಮನ ಸತ್ತ ಮೇಲೆ ಸಿಕ್ಕಿತು. ಈ ವಿಷಯದಲ್ಲಿ 2014ರಲ್ಲಿ ಬಂದ ‘ಬೋಜ್ಯಾಕ್ ಹಾರ್ಸ್‌ಮನ್’ ಬಹಳ ಮುಂದಿದೆ. ಅದರ ಪ್ರಿನ್ಸೆಸ್ ಕ್ಯಾ​ರೊಲಿನ್ ನಟರ ವ್ಯವಹಾರ ನೋಡಿಕೊಳ್ಳುತ್ತ, ಎಲ್ಲರ ಬದುಕನ್ನು ಸರಿಪಡಿಸುತ್ತ ತನ್ನ ಬದುಕಿಗೆ ಪುರುಸೊತ್ತಿಲ್ಲದ ಹೆಣ್ಣು, ಮತ್ತು ಅವಳದೇ ಕಂತುಗಳು ಅವಳ ಮೇಲೆಯೇ ನಿಲ್ಲುತ್ತವೆ.

ಆದರೂ ‘ದ ಸಿಂಪ್ಸನ್ಸ್’ನಲ್ಲಿ ಹೋಮರ್‌ನ ಹೆಂಡತಿ ಮಾರ್ಜ್‌ಳ ಅಕ್ಕ ಸೆಲ್ಮಾ ಇದ್ದಾಳೆ. ವಾಹನ ಇಲಾಖೆಯ ಕಚೇರಿಯಲ್ಲಿ ಕೆಲಸ, ಕೈಯಲ್ಲಿ ಸದಾ ಸಿಗರೇಟು, ಒರಟು ದನಿ, ತಂಗಿಯ ಗಂಡನ ಮೇಲೆ ತೀರದ ತಾತ್ಸಾರ. 1993ರ ಜನವರಿಯ ‘ಸೆಲ್ಮಾಸ್ ಚಾಯ್ಸ್’ ಕಂತಿನಲ್ಲಿ ಚಿಕ್ಕಮ್ಮ ಗ್ಲ್ಯಾಡಿಸ್ ಒಂಟಿಯಾಗಿ ಸತ್ತದ್ದನ್ನು ಕಂಡು ಅವಳಿಗೆ ಮಗು ಬೇಕೆನಿಸುತ್ತದೆ. ಗಂಡಿಗಾಗಿ ಹುಡುಕುತ್ತಾಳೆ, ಬಾರ್ಟ್ ಮತ್ತು ಲೀಸಾರನ್ನು ಒಂದು ದಿನ ವಿಹಾರಕ್ಕೆ ಕರೆದೊಯ್ದು ಸುಸ್ತಾಗಿ ಸೋಲುತ್ತಾಳೆ. ಕೊನೆಯ ದೃಶ್ಯದಲ್ಲಿ ಅವಳು, ಸತ್ತ ಚಿಕ್ಕಮ್ಮನಿಂದ ಬಂದ ಜಬ್-ಜಬ್ ಎಂಬ ಉಡದಂಥ ಪ್ರಾಣಿಯನ್ನು ಎತ್ತಿಕೊಂಡು ಅದೇ ಒರಟು ದನಿಯಲ್ಲಿ ಮೆಲ್ಲನೆ ಹಾಡುತ್ತಾಳೆ.

ಹೊಸದಾಗಿ ನೋಡುವವರು ಎಲ್ಲಿಂದ ಆರಂಭಿಸಬೇಕು?

ಮೊದಲ ಕಂತಿನಿಂದ ಆರಂಭಿಸಬೇಡಿ. ಊರು ತುಂಬಲು ಸ್ವಲ್ಪ ಸಮಯ ಹಿಡಿದಿದೆ. ‘ದ ಸಿಂಪ್ಸನ್ಸ್’ನ ಮೂರರಿಂದ ಎಂಟನೆಯ ಸರಣಿಯವರೆಗೆ (ಸೀಸನ್) ಅನುಕ್ರಮವಾಗಿ ನೋಡಿ, ಆಮೇಲೆ ‘ಹೋಮರ್ಸ್ ಎನಿಮಿ’ಯನ್ನು ಇನ್ನೊಮ್ಮೆ ನೋಡಿ. ‘ಕಿಂಗ್ ಆಫ್ ದ ಹಿಲ್’ ನಿಧಾನಗತಿಯದು, ಹತ್ತು ಕಂತುಗಳಾದರೂ ತಾಳ್ಮೆ ಬೇಕು. ಎರಡರಲ್ಲೂ ಹಿನ್ನೆಲೆಯಲ್ಲಿ ಸುಮ್ಮನೆ ನಿಂತಿರುವವರ ಮೇಲೆ ಒಂದು ಕಣ್ಣಿಟ್ಟಿರಿ.

ಇನ್ನೂ ಸ್ವಂತ ಕಂತು ಸಿಗಬೇಕಾದವರು ಯಾರಾದರೂ ಇದ್ದಾರೆಯೇ?

ಹ್ಯಾನ್ಸ್ ಮೋಲ್‌ಮನ್. ದಪ್ಪ ಕನ್ನಡಕದ, ಸುಕ್ಕುಗಟ್ಟಿದ, ಕೋಲೂರಿ ನಡೆಯುವ ಈ ಮನುಷ್ಯ ತನಗೆ ಮೂವತ್ತೊಂದೇ ವರ್ಷ, ಕುಡಿತ ನನ್ನನ್ನು ಹೀಗೆ ಮಾಡಿತು ಎಂದು 1993ರ ಒಂದು ಕಂತಿನಲ್ಲಿ ಹೇಳಿದ. ಅವನ ಮೇಲೆ ಲಾರಿ ಹರಿದಿದೆ, ಅವನ ವಾಹನ ಹೊತ್ತಿ ಉರಿದಿದೆ, ಮುಂದಿನ ವಾರ ಅವನು ಮತ್ತೆ ಸಾಲಿನಲ್ಲಿ ನಿಂತಿರುತ್ತಾನೆ. ಅವನಿಗೆ ಏನೂ ಕೆಡುಕಾಗದ ಒಂದು ದಿನವನ್ನು ಬೆಳಗಿನಿಂದ ಸಂಜೆಯವರೆಗೆ ತೋರಿಸಬೇಕು. ಅವನು ಎದ್ದು ಕನ್ನಡಕ ಹುಡುಕಿ, ಚಹಾ ಕಾಯಿಸಿ, ಕಿಟಕಿ ತೆರೆದು ಬೀದಿ ನೋಡುವುದನ್ನು ನಾನು ಇಪ್ಪತ್ತೆರಡು ನಿಮಿಷವೂ ಕದಲದೆ ನೋಡುತ್ತೇನೆ.